‘ಅಭ್ಯಾಸವಾಗಿದೆ’ ಎಂಬುದು ಸಮಾಧಾನವೇ? ನಗರ ಸಾರಿಗೆಯ ಸೇವಾ ಗುಣಮಟ್ಟವನ್ನು ಅಳೆಯುವ ಬಗೆ

ಮುಂಬಯಿಯ ಲೋಕಲ್ ರೈಲಿನಲ್ಲಿ ಮೂವತ್ತು ವರ್ಷ ಓಡಾಡಿ ನಿವೃತ್ತರಾದ ಯಾವ ಹಿರಿಯರನ್ನಾದರೂ ‘ಪ್ರಯಾಣ ಹೇಗಿತ್ತು?’ ಎಂದು ಕೇಳಿ ನೋಡಿ. ‘ತೊಂದರೆ ಏನಿರಲಿಲ್ಲ, ಅಭ್ಯಾಸವಾಗಿತ್ತು’ ಎಂಬ ಉತ್ತರವೇ ಬಹುತೇಕ ದೊರೆಯುತ್ತದೆ. ಡೊಂಬಿವಲಿಯಿಂದ ಫೋರ್ಟಿಗೆ, ವಸಾಯಿಯಿಂದ ಚರ್ಚ್‌ಗೇಟಿಗೆ ಪ್ರತಿದಿನ ಹೋಗಿಬಂದ ಈ ಹಿರಿಯರು ಮೂವರಿಗಾಗಿ ಮಾಡಿದ ಆಸನದ ಅಂಚಿನಲ್ಲಿ ‘ಫೋರ್ತ್ ಸೀಟ್’ ಸಿಕ್ಕಿದರೆ ಅದನ್ನೇ ಭಾಗ್ಯವೆಂದು ಬಗೆದವರು. ಅವರ ಮಾತಿನಲ್ಲಿ ಸುಳ್ಳಿಲ್ಲ. ಆದರೆ ಅದನ್ನು ‘ಪ್ರಯಾಣಿಕ ತೃಪ್ತ’ ಎಂದು ದಾಖಲಿಸಿಕೊಂಡರೆ ಅದು ಸತ್ಯವೂ ಆಗುವುದಿಲ್ಲ.

ಕೆಲಕಾಲದ ಹಿಂದೆ ಒಂದು ಸಂಜೆ ಉಪನಗರದ ನಿಲ್ದಾಣವೊಂದರಲ್ಲಿ ಯುವತಿಯೊಬ್ಬಳು ಸಮೀಕ್ಷೆಯ ಪ್ರಶ್ನಾವಳಿಯೊಂದನ್ನು ನನ್ನ ಕೈಗಿತ್ತಳು. ನಿಲ್ದಾಣದ ಸ್ವಚ್ಛತೆ, ಕುಡಿಯುವ ನೀರು, ಟಿಕೆಟ್ ಖಿಡಕಿಯ ಸಿಬ್ಬಂದಿಯ ವರ್ತನೆ, ದೀಪದ ಬೆಳಕು ಇವೆಲ್ಲಕ್ಕೂ ಒಂದರಿಂದ ಐದರವರೆಗೆ ಅಂಕ ನೀಡಬೇಕಿತ್ತು. ಪ್ರಾಮಾಣಿಕವಾಗಿಯೇ ಮೂರು, ನಾಲ್ಕು ಎಂದು ಬರೆದುಕೊಟ್ಟೆ. ಮನೆಗೆ ಬಂದ ಬಳಿಕ ಹೊಳೆದದ್ದು ಬೇರೆ: ಆ ಸಂಜೆ ನನಗೆ ಮೊದಲ ಎರಡು ಗಾಡಿಗಳನ್ನು ಹತ್ತಲಾಗಿರಲಿಲ್ಲ. ಆ ಕುರಿತು ಒಂದು ಪ್ರಶ್ನೆಯೂ ಆ ಹಾಳೆಯಲ್ಲಿ ಇರಲಿಲ್ಲ.

ಸೇವೆಯ ಗುಣಮಟ್ಟವನ್ನು ಅಳೆಯುವ ಶಾಸ್ತ್ರವೊಂದು ಕಳೆದ ನಾಲ್ಕು ದಶಕಗಳಲ್ಲಿ ಬೆಳೆದು ಬಂದಿದೆ. ಅದರ ಬುನಾದಿ ಹಾಕಿದವರಲ್ಲಿ ಪ್ರಮುಖರು ಪರಶುರಾಮನ್, ಝೈಥಮಲ್ ಮತ್ತು ಬೆರಿ ಎಂಬ ಮೂವರು ವಿದ್ವಾಂಸರು. 1985ರಲ್ಲಿ ಅವರು ಮುಂದಿಟ್ಟ ವಿಚಾರ, 1988ರಲ್ಲಿ ‘ಸರ್ವ್‌ಕ್ವಾಲ್’ ಎಂಬ ಅಳತೆಗೋಲಾಗಿ ರೂಪುಗೊಂಡಿತು. ಅದರ ತಿರುಳು ಸರಳ. ಗ್ರಾಹಕನಿಗೆ ಒಂದು ನಿರೀಕ್ಷೆಯಿರುತ್ತದೆ. ಬಳಿಕ ಒಂದು ಅನುಭವವಾಗುತ್ತದೆ. ಇವೆರಡರ ನಡುವಣ ಅಂತರವೇ ಸೇವೆಯ ಗುಣಮಟ್ಟ. ಕಣ್ಣಿಗೆ ಕಾಣುವ ಸೌಲಭ್ಯ, ಮಾತು ಉಳಿಸಿಕೊಳ್ಳುವ ವಿಶ್ವಾಸಾರ್ಹತೆ, ಕೇಳಿದಾಗ ಸ್ಪಂದಿಸುವ ಗುಣ, ಭರವಸೆ ಹುಟ್ಟಿಸುವ ತಿಳಿವಳಿಕೆ, ಒಬ್ಬೊಬ್ಬ ಗ್ರಾಹಕನ ಬಗೆಗೂ ಇರುವ ಆಸ್ಥೆ ಎಂಬ ಐದು ನೆಲೆಗಳಲ್ಲಿ ಈ ಅಂತರವನ್ನು ಅಳೆಯಲಾಗುತ್ತದೆ. ಬ್ಯಾಂಕು, ಆಸ್ಪತ್ರೆ, ಹೋಟೆಲುಗಳಿಗೆ ಮೊದಲು ಅನ್ವಯವಾದ ಈ ಪದ್ಧತಿ ಕ್ರಮೇಣ ಬಸ್ಸು, ರೈಲುಗಳಿಗೂ ಬಂದಿತು.

ನಮ್ಮ ಹಿರಿಯರ ‘ಅಭ್ಯಾಸವಾಗಿತ್ತು’ ಎಂಬ ಮಾತಿನ ರಹಸ್ಯ ಇಲ್ಲಿಯೇ ಅಡಗಿದೆ. ಅಂತರವೇ ಅಳತೆಯಾದಾಗ, ನಿರೀಕ್ಷೆ ಪಾತಾಳಕ್ಕಿಳಿದರೂ ತೃಪ್ತಿಯ ಅಂಕ ಮೇಲೇರುತ್ತದೆ! ಹತ್ತು ನಿಮಿಷ ನಿಂತು ಉಸಿರಾಡಲು ಜಾಗ ದೊರೆತರೆ ಸಾಕೆಂದುಕೊಂಡವನಿಗೆ ಅದು ಸಿಕ್ಕ ದಿನ ಐದಕ್ಕೆ ಐದು ಅಂಕ. ಅದೇ ಪ್ರಯಾಣವನ್ನು ಊರಿನಿಂದ ಮೊನ್ನೆ ಬಂದ ಸೋದರಳಿಯ ಮಾಡಿದರೆ ಒಂದು ಅಂಕವನ್ನೂ ಕೊಡಲಾರ. ಆದುದರಿಂದ ಪ್ರಯಾಣಿಕರ ಅಭಿಪ್ರಾಯ ಸಂಗ್ರಹವೊಂದನ್ನೇ ನಂಬಿ ಸಾರಿಗೆಯ ಯೋಗ್ಯತೆಯನ್ನು ನಿರ್ಧರಿಸಲಾಗದು.

ಈ ತೊಡಕನ್ನು ಗಮನಿಸಿಯೇ ಯುರೋಪಿನ ರಾಷ್ಟ್ರಗಳು 2002ರಲ್ಲಿ ಸಾರ್ವಜನಿಕ ಸಾರಿಗೆಗಾಗಿಯೇ ‘ಇಎನ್ 13816’ ಎಂಬ ಮಾನದಂಡವನ್ನು ರೂಪಿಸಿದವು. ಅದು ನಾಲ್ಕು ಬಗೆಯ ಗುಣಮಟ್ಟವನ್ನು ಬೇರೆಬೇರೆಯಾಗಿ ನೋಡಲು ಹೇಳುತ್ತದೆ. ಪ್ರಯಾಣಿಕ ಬಯಸುವುದು ಒಂದು. ಸಂಸ್ಥೆ ಗುರಿಯಾಗಿ ಇಟ್ಟುಕೊಳ್ಳುವುದು ಇನ್ನೊಂದು. ವಾಸ್ತವವಾಗಿ ಒದಗಿಸುವುದು ಮತ್ತೊಂದು. ಪ್ರಯಾಣಿಕನಿಗೆ ಒದಗಿತೆಂದು ತೋರುವುದು ಮಗದೊಂದು. ಹೀಗೆ ನೋಡಿದಾಗ ದೋಷ ಎಲ್ಲಿದೆಯೆಂದು ಗೊತ್ತಾಗುತ್ತದೆ. ಗುರಿಯೇ ಕೆಳಮಟ್ಟದ್ದಾಗಿದ್ದರೆ ಅದನ್ನು ನೂರಕ್ಕೆ ನೂರು ಸಾಧಿಸಿಯೂ ಪ್ರಯಾಣಿಕ ನರಳುತ್ತಾನೆ. ಗಾಡಿ ಸರಿಯಾಗಿ ಓಡುತ್ತಿದ್ದು, ಎಲ್ಲಿ ನಿಂತಿದೆ, ಯಾಕೆ ನಿಂತಿದೆ ಎಂದು ಹೇಳುವವರಿಲ್ಲದಿದ್ದರೆ ಒಳ್ಳೆಯ ಸೇವೆಯೂ ಕೆಟ್ಟದಾಗಿ ಕಾಣುತ್ತದೆ. ಲಭ್ಯತೆ, ಸುಗಮ ಪ್ರವೇಶ, ಮಾಹಿತಿ, ಸಮಯ, ಪ್ರಯಾಣಿಕರ ಬಗೆಗಿನ ಕಾಳಜಿ, ಸೌಖ್ಯ, ಸುರಕ್ಷತೆ, ಪರಿಸರ ಎಂಬ ಎಂಟು ವಿಷಯಗಳನ್ನು ಈ ಮಾನದಂಡ ಎತ್ತಿಕೊಳ್ಳುತ್ತದೆ. ನನಗೆ ಕೊಟ್ಟ ಪ್ರಶ್ನಾವಳಿಯಲ್ಲಿ ಇವುಗಳ ಪೈಕಿ ಎರಡು ಮೂರು ಮಾತ್ರ ಇದ್ದವು ಎಂಬುದನ್ನು ಓದುಗರು ಗಮನಿಸಬಹುದು.

ನಮ್ಮ ದೇಶದಲ್ಲಿಯೂ ಪ್ರಯತ್ನ ನಡೆಯದೆ ಇಲ್ಲ. 2006ರ ರಾಷ್ಟ್ರೀಯ ನಗರ ಸಾರಿಗೆ ನೀತಿ, ಚಲಿಸಬೇಕಾದದ್ದು ವಾಹನಗಳಲ್ಲ, ಜನ ಎಂಬ ತತ್ತ್ವವನ್ನು ಒಪ್ಪಿಕೊಂಡಿತು. 2009ರಲ್ಲಿ ಕೇಂದ್ರ ನಗರಾಭಿವೃದ್ಧಿ ಸಚಿವಾಲಯ ನಗರ ಸಾರಿಗೆಗೆ ಸೇವಾಮಟ್ಟದ ಮಾನದಂಡಗಳನ್ನು ಪ್ರಕಟಿಸಿತು. ಅದರ ಪ್ರಕಾರ ಬಸ್ಸಿಗೆ ಸರಾಸರಿ ಕಾಯುವ ಹೊತ್ತು ನಾಲ್ಕು ನಿಮಿಷ ಮೀರದಿದ್ದರೆ ಅದು ಮೊದಲ ದರ್ಜೆಯ ಸೇವೆ. ಹತ್ತು ನಿಮಿಷ ಮೀರಿದರೆ ಕೊನೆಯ ದರ್ಜೆ. ಪ್ರಯಾಣಿಕರ ಸಂಖ್ಯೆ ಆಸನಗಳ ಒಂದೂವರೆ ಪಟ್ಟು ಮೀರದಿದ್ದರೆ ಸೌಖ್ಯದಲ್ಲಿ ಮೊದಲ ದರ್ಜೆ, ಎರಡೂವರೆ ಪಟ್ಟು ಮೀರಿದರೆ ಕೊನೆಯದು. ಓದಲು ಬಹಳ ಚೆನ್ನಾಗಿದೆ. ಸಂಜೆ ಆರೂವರೆಗೆ ದಾದರಿನಲ್ಲಿ ನಿಂತು ಓದಿದರೆ ಮಾತ್ರ ನಗು ಬರುತ್ತದೆ.

ಇಲ್ಲಿ ‘ಸರಾಸರಿ’ ಎಂಬ ಪದವನ್ನು ಸ್ವಲ್ಪ ಬಿಡಿಸಿ ನೋಡುವುದು ಅಗತ್ಯ. ಸಂಸ್ಥೆಗಳಿಗೂ ಪ್ರಯಾಣಿಕರಿಗೂ ನಡೆಯುವ ಜಗಳದ ಅರ್ಧಾಂಶ ಈ ಒಂದು ಪದದಿಂದ ಹುಟ್ಟುವಂಥದ್ದು. ಇಬ್ಬರೂ ತಮ್ಮ ತಮ್ಮ ಮಟ್ಟಿಗೆ ಸತ್ಯವನ್ನೇ ಹೇಳುತ್ತಿರುತ್ತಾರೆ.

ಒಂದು ಮಾರ್ಗದಲ್ಲಿ ಗಂಟೆಗೆ ಆರು ಬಸ್ಸುಗಳಿವೆ ಎಂದಿಟ್ಟುಕೊಳ್ಳಿ. ಹತ್ತು ನಿಮಿಷಕ್ಕೊಂದು ಸಮನಾಗಿ ಬಂದರೆ, ಗಡಿಯಾರ ನೋಡದೆ ನಿಲ್ದಾಣಕ್ಕೆ ಬರುವ ಪ್ರಯಾಣಿಕ ಸರಾಸರಿ ಐದು ನಿಮಿಷ ಕಾಯುತ್ತಾನೆ. ಈಗ ಅವೇ ಆರು ಬಸ್ಸುಗಳು ಒಮ್ಮೆ ಹದಿನೈದು ನಿಮಿಷದ ಅಂತರದಲ್ಲಿ, ಒಮ್ಮೆ ಐದು ನಿಮಿಷದ ಅಂತರದಲ್ಲಿ ಬರತೊಡಗಿದವು ಎನ್ನಿ. ಹದಿನೈದು ನಿಮಿಷದ ದೀರ್ಘ ಅಂತರದಲ್ಲಿ ನಿಲ್ದಾಣಕ್ಕೆ ಬಂದು ಸೇರುವವರೇ ಮುಕ್ಕಾಲು ಪಾಲು ಜನ. ಅವರು ಸರಾಸರಿ ಏಳೂವರೆ ನಿಮಿಷ ಕಾಯುತ್ತಾರೆ. ಉಳಿದ ಕಾಲು ಪಾಲು ಜನ ಕಾಯುವುದು ಎರಡೂವರೆ ನಿಮಿಷ. ಒಟ್ಟು ಸರಾಸರಿ ಆರೂಕಾಲು ನಿಮಿಷವಾಯಿತು. ಇನ್ನು ಎರಡೆರಡು ಬಸ್ಸುಗಳು ಒಂದರ ಬೆನ್ನಿಗೊಂದು ಅಂಟಿಕೊಂಡು ಇಪ್ಪತ್ತು ನಿಮಿಷಕ್ಕೊಮ್ಮೆ ಬಂದರಂತೂ ಕಾಯುವಿಕೆ ಹತ್ತು ನಿಮಿಷಕ್ಕೇರುತ್ತದೆ. ಮೂರು ಸಂದರ್ಭಗಳಲ್ಲೂ ಸಂಸ್ಥೆಯ ಪುಸ್ತಕದಲ್ಲಿ ದಾಖಲಾಗುವುದು ಒಂದೇ: ಗಂಟೆಗೆ ಆರು ಬಸ್ಸು, ಡೀಸೆಲ್ ಅಷ್ಟೇ, ಚಾಲಕರ ಸಂಬಳ ಅಷ್ಟೇ. ಪ್ರಯಾಣಿಕನ ಪಾಲಿಗೆ ಮಾತ್ರ ಸೇವೆ ಅರ್ಧಕ್ಕಿಳಿದಿದೆ.

ಬಸ್ಸುಗಳು ಹೀಗೆ ಜೋಡಿಯಾಗಿ ಬರುವುದು ಚಾಲಕರ ಮೋಜಿಗಾಗಿ ಅಲ್ಲ. ವಾಹನದಟ್ಟಣೆಯಿಂದ ಒಂದು ಬಸ್ಸು ಎರಡು ನಿಮಿಷ ತಡವಾದರೆ ಮುಂದಿನ ನಿಲ್ದಾಣದಲ್ಲಿ ಅದಕ್ಕಾಗಿ ಹೆಚ್ಚು ಜನ ಸೇರಿರುತ್ತಾರೆ. ಅವರು ಹತ್ತಿ ಮುಗಿಯುವಷ್ಟರಲ್ಲಿ ಅದು ಇನ್ನಷ್ಟು ತಡವಾಗುತ್ತದೆ. ಹಿಂದಿನ ಬಸ್ಸಿಗೆ ಹತ್ತುವವರೇ ಇಲ್ಲದೆ ಅದು ಬೇಗ ಬಂದು ಮುಂದಿನದನ್ನು ಮುಟ್ಟುತ್ತದೆ. ಮೊದಲನೆಯದರಲ್ಲಿ ಬಾಗಿಲಿಗೆ ಜೋತುಬಿದ್ದ ಜನ, ಎರಡನೆಯದರಲ್ಲಿ ಖಾಲಿ ಆಸನಗಳು. ಈಗ ಜನಸಂದಣಿಯ ಸರಾಸರಿಯನ್ನೂ ನೋಡಿ. ಮೊದಲ ಬಸ್ಸಿನಲ್ಲಿ 80, ಎರಡನೆಯದರಲ್ಲಿ 20 ಜನ ಎಂದರೆ ಸರಾಸರಿ ಬಸ್ಸಿಗೆ 50. ವರದಿಯಲ್ಲಿ ಬರೆಯುವುದು ಇದನ್ನೇ. ಆದರೆ ಆ ನೂರು ಪ್ರಯಾಣಿಕರಲ್ಲಿ ಎಂಬತ್ತು ಮಂದಿ ಕಂಡದ್ದು ಇಕ್ಕಟ್ಟನ್ನೇ. ಸಮೀಕ್ಷಕರು ಕೇಳಿದಾಗ ‘ಬಸ್ಸು ಯಾವಾಗಲೂ ತುಂಬಿರುತ್ತದೆ’ ಎಂದು ಅವರು ಹೇಳಿದರೆ ಅದು ಉತ್ಪ್ರೇಕ್ಷೆಯಲ್ಲ.

ಕಾಯುವ ಹೊತ್ತಿಗೆ ಇನ್ನೊಂದು ವಿಶೇಷವಿದೆ. ಬಸ್ಸಿನೊಳಗೆ ಕುಳಿತು ಕಳೆದ ಹತ್ತು ನಿಮಿಷಕ್ಕಿಂತ ನಿಲ್ದಾಣದಲ್ಲಿ ನಿಂತು ಕಳೆದ ಹತ್ತು ನಿಮಿಷ ಮನಸ್ಸಿಗೆ ಬಹಳ ಭಾರ. ಸಾರಿಗೆ ಯೋಜಕರು ಲೆಕ್ಕ ಹಾಕುವಾಗ ಕಾಯುವ ಒಂದು ನಿಮಿಷವನ್ನು ಸಾಮಾನ್ಯವಾಗಿ ಪ್ರಯಾಣದ ಎರಡು ನಿಮಿಷಗಳಿಗೆ ಸಮವೆಂದು ಹಿಡಿಯುತ್ತಾರೆ. ಎಷ್ಟು ಹೊತ್ತು ಕಾಯಬೇಕೆಂದು ಗೊತ್ತಿಲ್ಲದಾಗ ಭಾರ ಇನ್ನೂ ಹೆಚ್ಚು. ಲೋಕಲ್ ನಿಲ್ದಾಣಗಳ ಇಂಡಿಕೇಟರ್‌ಗೆ ಮುಂಬಯಿಗರು ಕೊಡುವ ಗೌರವಕ್ಕೆ ಇದೇ ಕಾರಣ. ‘ಬಿಓ’ ಎಂಬ ಎರಡಕ್ಷರ, ಪಕ್ಕದಲ್ಲಿ ಫಾಸ್ಟೋ ಸ್ಲೋವೋ ಎಂದು ತಿಳಿಸುವ ಒಂದಕ್ಷರ, ಎಷ್ಟು ನಿಮಿಷ ಎಂಬ ಅಂಕೆ ಇಷ್ಟು ಕಂಡರೆ ಬೋರಿವಲಿಯವನ ಎದೆ ತಣ್ಣಗಾಗುತ್ತದೆ. ಗಾಡಿ ಒಂದು ನಿಮಿಷವೂ ಬೇಗ ಬಂದಿರುವುದಿಲ್ಲ; ಆದರೂ ತೃಪ್ತಿ ಹೆಚ್ಚಿರುತ್ತದೆ. ಕಡಿಮೆ ಖರ್ಚಿನಲ್ಲಿ ಇಷ್ಟು ಲಾಭ ಕೊಡುವ ಸುಧಾರಣೆ ಬೇರೊಂದಿಲ್ಲ. ಹಾಗಿದ್ದೂ ಭಾನುವಾರದ ಮೆಗಾ ಬ್ಲಾಕ್‌ನ ದಿನ, ಅದು ಅತ್ಯಂತ ಅಗತ್ಯವಾದಾಗಲೇ, ಇಂಡಿಕೇಟರ್ ಹೇಳುವುದೊಂದು ಬರುವ ಗಾಡಿ ಇನ್ನೊಂದು ಆಗುವ ಅನುಭವ ಯಾರಿಗಿಲ್ಲ?

ಜಪಾನಿನ ನೋರಿಯಾಕಿ ಕಾನೋ ಎಂಬ ವಿದ್ವಾಂಸರು 1984ರಲ್ಲಿ ಹೇಳಿದ ವಿಚಾರವೊಂದು ಇಲ್ಲಿ ನೆರವಿಗೆ ಬರುತ್ತದೆ. ಸೇವೆಯ ಗುಣಗಳೆಲ್ಲ ಒಂದೇ ಜಾತಿಯವಲ್ಲ. ಕೆಲವು ಇದ್ದರೆ ಯಾರೂ ಮೆಚ್ಚುವುದಿಲ್ಲ, ಇಲ್ಲದಿದ್ದರೆ ಎಲ್ಲರೂ ಕೆರಳುತ್ತಾರೆ. ಊಟದಲ್ಲಿ ಉಪ್ಪಿನ ಹಾಗೆ. ಕೆಲವು ಹೆಚ್ಚಿದಷ್ಟೂ ಸಂತೋಷ ಹೆಚ್ಚುತ್ತದೆ. ಇನ್ನು ಕೆಲವು ಯಾರೂ ನಿರೀಕ್ಷಿಸದ ಸೊಗಸುಗಳು. ನಿಲ್ದಾಣದ ಗೋಡೆಗೆ ಬಣ್ಣದ ಚಿತ್ರ ಬರೆಸುವುದು ಮೂರನೆಯ ಜಾತಿಯದು. ಜೀವಂತವಾಗಿ ಮನೆ ಸೇರುವುದು ಮೊದಲನೆಯದು. ಮೊದಲನೆಯದು ಕೊರತೆಯಾದಾಗ ಮೂರನೆಯದರಿಂದ ಅದನ್ನು ತುಂಬಿಸಲಾಗದು.

ಇದು ಅಲಂಕಾರದ ಮಾತಲ್ಲ. ಒಂಬತ್ತು ಡಬ್ಬಗಳ ಲೋಕಲ್ ಗಾಡಿಯ ಸಾಮರ್ಥ್ಯ ಸುಮಾರು 1,700ರಿಂದ 1,800 ಪ್ರಯಾಣಿಕರು. ದಟ್ಟಣೆಯ ಹೊತ್ತಿನಲ್ಲಿ ಅದು 4,500ರಿಂದ 5,000 ಜನರನ್ನು ಹೊತ್ತದ್ದುಂಟು. ಒಂದು ಚದರ ಮೀಟರ್ ಜಾಗದಲ್ಲಿ 14ರಿಂದ 16 ಮಂದಿ ನಿಲ್ಲುವ ಈ ಸ್ಥಿತಿಗೆ ರೈಲ್ವೆಯ ಪರಿಭಾಷೆಯಲ್ಲಿ ‘ಸೂಪರ್ ಡೆನ್ಸ್ ಕ್ರಷ್ ಲೋಡ್’ ಎಂಬ ಹೆಸರೇ ಹುಟ್ಟಿಕೊಂಡಿತು. ಗಾಡಿಗಳು ಹನ್ನೆರಡು, ಹದಿನೈದು ಡಬ್ಬಗಳಿಗೆ ಬೆಳೆದಿವೆ. ಉಪನಗರಗಳು ಅದಕ್ಕಿಂತ ವೇಗವಾಗಿ ಬೆಳೆದಿವೆ. 2023ರ ಒಂದೇ ವರ್ಷದಲ್ಲಿ ಮುಂಬಯಿ ಉಪನಗರ ರೈಲು ಜಾಲದಲ್ಲಿ ಪ್ರಾಣ ಕಳೆದುಕೊಂಡವರು 2,500ಕ್ಕೂ ಹೆಚ್ಚು. ಹಳಿ ದಾಟುವಾಗ ಸತ್ತವರೇ ಅಧಿಕ. ಓಡುವ ಗಾಡಿಯಿಂದ ಬಿದ್ದವರು ನಂತರದ ಸ್ಥಾನದಲ್ಲಿ. 2024ರ ಜೂನ್ ತಿಂಗಳಲ್ಲಿ ಬಾಂಬೆ ಹೈಕೋರ್ಟ್, ಪ್ರಯಾಣಿಕರನ್ನು ಜಾನುವಾರುಗಳಂತೆ ಸಾಗಿಸುವ ಸ್ಥಿತಿ ನಾಚಿಕೆಗೇಡು ಎಂಬರ್ಥದಲ್ಲಿ ಕಟುವಾಗಿ ಮಾತನಾಡಿತು. 2025ರ ಜೂನ್ 9ರ ಬೆಳಿಗ್ಗೆ ಮುಂಬ್ರಾದ ಬಳಿ ಎದುರುಬದುರಾಗಿ ಹಾದುಹೋದ ಎರಡು ಗಾಡಿಗಳ ಬಾಗಿಲಲ್ಲಿ ಜೋತುಬಿದ್ದಿದ್ದವರು ಕೆಳಗುರುಳಿ ಕನಿಷ್ಠ ನಾಲ್ವರು ಅಸುನೀಗಿದರು. ಅದಕ್ಕೂ ಮುನ್ನ, 2017ರ ಸೆಪ್ಟೆಂಬರ್ 29ರಂದು, ಅಂದಿನ ಎಲ್ಫಿನ್‌ಸ್ಟನ್ ರೋಡ್ ನಿಲ್ದಾಣದ ಕಿರಿದಾದ ಪಾದಚಾರಿ ಸೇತುವೆಯ ಮೇಲೆ ಮಳೆಗೆ ನಿಂತ ಜನಸಂದಣಿಯಲ್ಲಿ ಕಾಲ್ತುಳಿತವಾಗಿ 23 ಮಂದಿ ಮಡಿದರು. ಮರುವರ್ಷದ ಫೆಬ್ರವರಿಯಲ್ಲಿ ಸೇನೆಯವರು ಅಲ್ಲಿ ಹೊಸ ಸೇತುವೆ ಕಟ್ಟಿಕೊಟ್ಟರು. ಅಷ್ಟು ಬೇಗ ಕಟ್ಟಬಹುದಾಗಿದ್ದ ಸೇತುವೆ ಮೊದಲೇ ಯಾಕೆ ಬರಲಿಲ್ಲ ಎಂಬ ಪ್ರಶ್ನೆಗೆ ಯಾವ ತೃಪ್ತಿ ಸಮೀಕ್ಷೆಯಲ್ಲೂ ಉತ್ತರವಿಲ್ಲ.

ಇನ್ನು ಹವಾನಿಯಂತ್ರಿತ ಲೋಕಲ್‌ನ ಕಥೆ. 2017ರ ಡಿಸೆಂಬರ್ 25ರಂದು ಪಶ್ಚಿಮ ರೈಲ್ವೆಯಲ್ಲಿ ಮೊದಲ ಏಸಿ ಲೋಕಲ್ ಓಡಿತು. ಬಾಗಿಲು ತಾನಾಗಿ ಮುಚ್ಚುತ್ತದೆ, ಆದುದರಿಂದ ಬೀಳುವ ಭಯವಿಲ್ಲ, ಒಳಗೆ ತಂಪು. ದರ ಹೆಚ್ಚೆಂದು ಮೊದಲು ಜನ ಹತ್ತಲಿಲ್ಲ. 2022ರ ಮೇ ತಿಂಗಳಲ್ಲಿ ಏಕಮುಖ ಪ್ರಯಾಣದ ದರವನ್ನು ಅರ್ಧಕ್ಕಿಳಿಸಿದಾಗ ಜನ ತುಂಬಿಕೊಂಡರು. ಏಸಿ ಗಾಡಿಯಲ್ಲಿ ಹೋದವರನ್ನು ಕೇಳಿದರೆ ತೃಪ್ತಿಯ ಅಂಕ ಏರಿರಲೇಬೇಕು. ಆದರೆ ಅದೇ ವರ್ಷದ ಆಗಸ್ಟ್‌ನಲ್ಲಿ ಕಳವಾ ಮತ್ತು ಬದಲಾಪುರಗಳಲ್ಲಿ ಪ್ರಯಾಣಿಕರು ಏಸಿ ಲೋಕಲ್‌ಗಳ ವಿರುದ್ಧ ಪ್ರತಿಭಟಿಸಿದರು. ಮಧ್ಯ ರೈಲ್ವೆ ಹೊಸದಾಗಿ ಸೇರಿಸಿದ್ದ ಏಸಿ ಸೇವೆಗಳನ್ನು ಹಿಂತೆಗೆದುಕೊಳ್ಳಬೇಕಾಯಿತು. ತಂಪನ್ನು ಯಾರಾದರೂ ವಿರೋಧಿಸುತ್ತಾರೆಯೇ ಎಂದು ಅಚ್ಚರಿಪಡಬೇಕಾಗಿಲ್ಲ. ಹಳಿಯ ಮೇಲೆ ಹೊಸ ಗಾಡಿಗೆ ಜಾಗವಿಲ್ಲ. ಹಾಗಾಗಿ ಏಸಿ ಗಾಡಿ ಬಂದದ್ದು ಸಾಮಾನ್ಯ ಗಾಡಿಯ ಸಮಯವನ್ನು ಕಿತ್ತುಕೊಂಡು. ಆ ಗಾಡಿಯ ಸಾವಿರಾರು ಜನ ಅದರ ಹಿಂದಿನ ಮುಂದಿನ ಗಾಡಿಗಳಿಗೆ ನುಗ್ಗಬೇಕಾಯಿತು. ಒಳಗಿದ್ದವನ ಸೌಖ್ಯದ ಬೆಲೆಯನ್ನು ಹೊರಗಿದ್ದವನು ತೆತ್ತ.

ಯಾರನ್ನು ಕೇಳುತ್ತಾರೆ ಎಂಬುದು ಏನನ್ನು ಕೇಳುತ್ತಾರೆ ಎಂಬುದಕ್ಕಿಂತಲೂ ಮುಖ್ಯ ಎನ್ನುವುದು ಇದಕ್ಕೇ. ಸಮೀಕ್ಷೆಗೆ ಸಿಗುವವರು ಇನ್ನೂ ಆ ಸೇವೆಯನ್ನು ಬಳಸುತ್ತಿರುವವರು. ಬೇಸತ್ತು ಸ್ಕೂಟರ್ ಕೊಂಡವನು, ಮಂಡಿನೋವಿನಿಂದ ಮೇಲ್ಸೇತುವೆ ಹತ್ತಲಾರದೆ ಮನೆಯಲ್ಲೇ ಉಳಿದ ಅಜ್ಜಿ, ರಾತ್ರಿ ಹತ್ತರ ಮೇಲಿನ ಮಹಿಳಾ ಡಬ್ಬದ ನಿರ್ಜನತೆಗೆ ಹೆದರಿ ಪಾಳಿಯ ಕೆಲಸ ಬಿಟ್ಟ ಹೆಣ್ಣುಮಗಳು ಇವರಾರೂ ನಿಲ್ದಾಣದಲ್ಲಿ ಇರುವುದಿಲ್ಲ. ಹಗಲು ಹೋಟೆಲಿನಲ್ಲಿ ದುಡಿದು ರಾತ್ರಿ ಶಾಲೆಯಲ್ಲಿ ಕಲಿತ ನಮ್ಮ ಹಿಂದಿನ ತಲೆಮಾರಿಗೆ ಕೊನೆಯ ಗಾಡಿ ಎಷ್ಟು ಹೊತ್ತಿಗೆ ಎಂಬುದು ಬದುಕಿನ ಪ್ರಶ್ನೆಯಾಗಿತ್ತು. ಸಂಜೆ ಐದಕ್ಕೆ ನಡೆಯುವ ಸಮೀಕ್ಷೆಗೆ ಅಂಥವರೂ ಸಿಗುವುದಿಲ್ಲ.

ಬಸ್ಸಿನ ವಿಷಯದಲ್ಲಿ ಬೆಸ್ಟ್‌ನ ಇತ್ತೀಚಿನ ಇತಿಹಾಸ ಬಹಳ ಬೋಧಪ್ರದ. 1926ರ ಜುಲೈ 15ರಂದು ಅಫ್ಘನ್ ಚರ್ಚ್‌ನಿಂದ ಕ್ರಾಫರ್ಡ್ ಮಾರ್ಕೆಟಿಗೆ ಮೊದಲ ಬಸ್ಸು ಓಡಿಸಿದ, 1947ರಲ್ಲಿ ನಗರಪಾಲಿಕೆಯ ಒಡೆತನಕ್ಕೆ ಬಂದ ಈ ಸಂಸ್ಥೆ ಒಂದು ಕಾಲಕ್ಕೆ ದೇಶಕ್ಕೇ ಮಾದರಿ. ಸಾಲಿನಲ್ಲಿ ನಿಂತು ಬಸ್ಸು ಹತ್ತುವ ಮುಂಬಯಿಯ ಶಿಸ್ತನ್ನು ಊರಿನಿಂದ ಬಂದ ನೆಂಟರಿಗೆ ನಾವು ಹೆಮ್ಮೆಯಿಂದ ತೋರಿಸುತ್ತಿದ್ದೆವು. 2019ರ ಜುಲೈ 9ರಂದು ಬೆಸ್ಟ್ ತನ್ನ ಕನಿಷ್ಠ ದರವನ್ನು ಎಂಟು ರೂಪಾಯಿಯಿಂದ ಐದಕ್ಕಿಳಿಸಿತು. ಪ್ರಯಾಣಿಕರ ಸಂಖ್ಯೆ ಸರ್ರನೆ ಏರಿತು. ಅಗ್ಗದ ದರವೂ ಸೇವೆಯ ಗುಣಮಟ್ಟದ ಒಂದು ಅಂಗವೇ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ. ಆದರೆ 2010ರ ಸುಮಾರಿಗೆ 4,500ರ ಆಸುಪಾಸಿನಲ್ಲಿದ್ದ ಬಸ್ಸುಗಳ ಸಂಖ್ಯೆ 2025ರ ಹೊತ್ತಿಗೆ 3,000ಕ್ಕಿಂತ ಕೆಳಗಿಳಿಯಿತು. ಅವುಗಳಲ್ಲಿ ಬಹುಪಾಲು ಗುತ್ತಿಗೆದಾರರವು. ಏಸಿ ಬಂದಿತು, ವಿದ್ಯುತ್ ಬಸ್ಸು ಬಂದಿತು, ಮೊಬೈಲಿನಲ್ಲಿ ಬಸ್ಸು ಎಲ್ಲಿದೆಯೆಂದು ನೋಡುವ ಅನುಕೂಲವೂ ಬಂದಿತು. ಬರಲಿರುವ ಬಸ್ಸಿಗೆ ಇಪ್ಪತ್ತೈದು ನಿಮಿಷವಿದೆ ಎಂದು ತಿಳಿಯುವುದೂ ಒಂದು ಸೌಲಭ್ಯವೇ ಸರಿ. ಆಟೋ ಹಿಡಿಯಲು ಬೇಗ ನಿರ್ಧಾರ ಮಾಡಬಹುದು! 2025ರ ಮೇ 9ರಂದು ಕನಿಷ್ಠ ದರ ಹತ್ತು ರೂಪಾಯಿಗೆ, ಏಸಿಯಲ್ಲಿ ಹನ್ನೆರಡಕ್ಕೆ ಏರಿತು. ದರ ಇಳಿಸಿ ಜನರನ್ನು ಕರೆದು, ಕೂರಿಸಲು ಬಸ್ಸಿಲ್ಲದೆ, ಕೊನೆಗೆ ದರವನ್ನೂ ಇಮ್ಮಡಿಗೊಳಿಸಿದ ಈ ಕ್ರಮದಲ್ಲಿ ಎಲ್ಲಿ ತಪ್ಪಾಯಿತೆಂದು ಹೇಳಲು ಸಾರಿಗೆ ತಜ್ಞನೇ ಬೇಕಿಲ್ಲ.

ಮೆಟ್ರೋ ಬೇರೆಯೇ ನಿರೀಕ್ಷೆಯನ್ನು ಹುಟ್ಟುಹಾಕಿದೆ. 2014ರ ಜೂನ್ 8ರಂದು ವರ್ಸೋವಾದಿಂದ ಘಾಟ್ಕೋಪರ್‌ವರೆಗಿನ 11.4 ಕಿಲೋಮೀಟರ್‌ಗಳ ಮೊದಲ ಮಾರ್ಗ ಆರಂಭವಾದಾಗ, ರಸ್ತೆಯಲ್ಲಿ ಗಂಟೆಗೂ ಮಿಕ್ಕಿ ಹಿಡಿಯುತ್ತಿದ್ದ ಪೂರ್ವ–ಪಶ್ಚಿಮ ಪ್ರಯಾಣ 21 ನಿಮಿಷಗಳಿಗಿಳಿಯಿತು. 2025ರ ಅಕ್ಟೋಬರ್‌ನಲ್ಲಿ ಆರೆಯಿಂದ ಕಫ್ ಪರೇಡ್‌ವರೆಗಿನ 33.5 ಕಿಲೋಮೀಟರ್‌ಗಳ ಭೂಗತ ಮಾರ್ಗ ಪೂರ್ಣವಾಗಿ ತೆರೆದುಕೊಂಡಿತು. ಶುಭ್ರ ನಿಲ್ದಾಣ, ಲಿಫ್ಟು, ಸಮಯಕ್ಕೆ ಬರುವ ಗಾಡಿ. ಇದನ್ನು ಕಂಡ ಹೊಸ ತಲೆಮಾರಿನ ಮಕ್ಕಳು ಲೋಕಲ್ ಹತ್ತಿದಾಗ ‘ಅಭ್ಯಾಸವಾಗಿದೆ’ ಎನ್ನುವುದಿಲ್ಲ. ಮುಂದಿನ ವರ್ಷಗಳಲ್ಲಿ ಲೋಕಲ್‌ನ ತೃಪ್ತಿಯ ಅಂಕ ಇಳಿದರೆ ಸೇವೆ ಹದಗೆಟ್ಟಿತೆಂದೇ ಅರ್ಥವಲ್ಲ; ನಿರೀಕ್ಷೆ ಏರಿತೆಂದೂ ಇರಬಹುದು. ನನ್ನ ಮಟ್ಟಿಗೆ ಅದು ಒಳ್ಳೆಯ ಸುದ್ದಿಯೇ. ಬೆಂಗಳೂರಿನಲ್ಲಿ 2011ರ ಅಕ್ಟೋಬರ್‌ನಲ್ಲಿ ನಮ್ಮ ಮೆಟ್ರೋ ಬಂದ ಮೇಲೆ ಅಲ್ಲಿಯ ಬಂಧುಗಳು ನಗರದ ಬಸ್ಸಿನ ಬಗ್ಗೆ ಮಾತನಾಡುವ ಧಾಟಿ ಬದಲಾದುದನ್ನು ನಮ್ಮಲ್ಲಿ ಹಲವರು ಗಮನಿಸಿದ್ದೇವೆ.

ಮುಂಬ್ರಾ ದುರಂತದ ಬಳಿಕ ರೈಲ್ವೆ ಮಂಡಳಿ, ಏಸಿಯಿಲ್ಲದ ಲೋಕಲ್‌ಗಳಿಗೂ ತಾನಾಗಿ ಮುಚ್ಚುವ ಬಾಗಿಲು ಅಳವಡಿಸುವ ಯೋಜನೆಯನ್ನು ಪ್ರಕಟಿಸಿತು. ಮುಚ್ಚಿದ ಡಬ್ಬದಲ್ಲಿ ಉಸಿರುಗಟ್ಟದಂತೆ ಬಾಗಿಲಿಗೆ ಗಾಳಿಯಾಡುವ ಪಟ್ಟಿಗಳು, ಛಾವಣಿಯಿಂದ ಗಾಳಿ ಊಡುವ ಯಂತ್ರ, ಒಂದು ಡಬ್ಬದಿಂದ ಇನ್ನೊಂದಕ್ಕೆ ಹೋಗುವ ದಾರಿ ಇವು ಅದರ ಅಂಗಗಳು. ಬಾಗಿಲು ಮುಚ್ಚಬೇಕಾದರೆ ಜನ ಒಳಗೆ ಹಿಡಿಸಬೇಕು, ಪ್ರತಿ ನಿಲ್ದಾಣದಲ್ಲೂ ಕೆಲವು ಸೆಕೆಂಡು ಹೆಚ್ಚು ನಿಲ್ಲಬೇಕು. ಆಗ ಗಂಟೆಗೆ ಓಡುವ ಗಾಡಿಗಳ ಸಂಖ್ಯೆ ಕುಗ್ಗುವ ಅಪಾಯವಿದೆ. ಆದುದರಿಂದ ಬಾಗಿಲಿನ ಜೊತೆಗೆ ಹೆಚ್ಚಿನ ಹಳಿ, ಉತ್ತಮ ಸಿಗ್ನಲ್, ಉದ್ದದ ಗಾಡಿ ಇವೂ ಒಟ್ಟಿಗೆ ಬರಬೇಕಾಗುತ್ತದೆ. ಬಾಗಿಲೊಂದನ್ನೇ ಕೂಡಿಸಿದರೆ ಹೊರಗುಳಿಯುವವರ ಸಾಲು ಪ್ಲಾಟ್‌ಫಾರ್ಮಿನಲ್ಲಿ ಬೆಳೆಯುತ್ತದೆ.

ಪ್ರಯಾಣಿಕರಾದ ನಮ್ಮ ಕೈಯಲ್ಲಿರುವುದು ಅಲ್ಪವಾದರೂ ಅದನ್ನು ಸರಿಯಾಗಿ ಬಳಸುವ ಕ್ರಮವೊಂದಿದೆ. ‘ಸೇವೆ ತುಂಬಾ ಕೆಟ್ಟದಾಗಿದೆ’ ಎಂದು ಬರೆದ ದೂರು ಯಾವ ಮೇಜಿನ ಮೇಲೂ ನಿಲ್ಲುವುದಿಲ್ಲ. ನಿಲ್ದಾಣ, ಪ್ಲಾಟ್‌ಫಾರ್ಮ್, ಗಾಡಿಯ ಸಮಯ, ಡಬ್ಬದ ಸಂಖ್ಯೆ, ದಿನಾಂಕ ಇವಿಷ್ಟನ್ನು ಬರೆದು ರೈಲ್‌ಮದದ್ ತಾಣದಲ್ಲಿ ಸಲ್ಲಿಸಿದರೆ, ಅಥವಾ 139ಕ್ಕೆ ಕರೆಮಾಡಿ ದಾಖಲಿಸಿದರೆ, ಅದಕ್ಕೊಂದು ಸಂಖ್ಯೆ ದೊರೆಯುತ್ತದೆ, ಉತ್ತರ ಕೊಡಬೇಕಾದವರು ಗೊತ್ತಾಗುತ್ತಾರೆ. ಒಂದೇ ಕಟ್ಟಡದ, ಒಂದೇ ಗಾಡಿಯ ಹತ್ತು ಮಂದಿ ಒಂದೇ ವಾರದಲ್ಲಿ ಹೀಗೆ ಬರೆದರೆ ಅದು ಗೊಣಗಾಟವಾಗಿ ಉಳಿಯದೆ ಅಂಕಿಅಂಶವಾಗುತ್ತದೆ. ಮುಂದಿನ ಬಾರಿ ಯಾರಾದರೂ ಪ್ರಶ್ನಾವಳಿ ಕೈಗಿತ್ತಾಗ, ಕೊನೆಯಲ್ಲಿ ‘ಇತರ ಸಲಹೆಗಳು’ ಎಂದು ಬಿಟ್ಟಿರುವ ಎರಡು ಗೆರೆಗಳಲ್ಲಿ ಆ ದಿನ ಎಷ್ಟು ಗಾಡಿಗಳನ್ನು ಹತ್ತಲಾಗದೆ ಬಿಟ್ಟಿರಿ ಎಂಬುದನ್ನು ಸಮಯದೊಂದಿಗೆ ಬರೆಯಿರಿ. ನಾನು ಅಂದು ಬರೆಯದೆ ಬಂದದ್ದು ಅದನ್ನೇ.